ರಷ್ಯದ ಹಾಡುಗಾರ ವಿಕ್ಟರ್ ತ್ಸೋಯ್

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷವೂ ಒಬ್ಬಿಬ್ಬರು ಮಹಾಪುರುಷರ ಜೀವನಚರಿತ್ರೆ ಅಚ್ಚಾಗುವುದುಂಟು. ಬುದ್ಧ, ಬಸವಣ್ಣ, ಗಾಂಧೀಜಿ, ವಿಶ್ವೇಶ್ವರಯ್ಯನವರು, ಅಬ್ರಹಾಂ ಲಿಂಕನ್, ಇವರೆಲ್ಲರನ್ನು ಕುರಿತು ಬರೆಯುವವರಿಗೆ ಯಾವಾಗಲೂ ಕೊರತೆಯಿಲ್ಲ. ನಾನು ಈ ಸಲ ಆರಿಸಿಕೊಂಡಿರುವವನು ಆ ಸಾಲಿಗೆ ಸೇರತಕ್ಕವನಲ್ಲ. ಅವನು ರಾಜ್ಯವನ್ನು ಕಟ್ಟಲಿಲ್ಲ, ಧರ್ಮವನ್ನು ಬೋಧಿಸಲಿಲ್ಲ, ಪದವಿಯನ್ನಂತೂ ಪಡೆಯಲೇ ಇಲ್ಲ. ಗಿಟಾರು ಬಾರಿಸುತ್ತ ತಾನೇ ಕಟ್ಟಿದ ಹಾಡುಗಳನ್ನು ಹಾಡಿದನು. ಕೆಲವು ಕಾಲ ಬಾಯ್ಲರಿನ ಒಲೆಗೆ ಕಲ್ಲಿದ್ದಲು ಎತ್ತಿ ಹಾಕಿದನು. 28ನೆಯ ವಯಸ್ಸಿನಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡನು. ಇಷ್ಟೇ ಅವನ ಚರಿತ್ರೆ. ಆದರೆ ಅವನು ಸತ್ತು ಮೂವತ್ತು ವರ್ಷಗಳ ಮೇಲಾದರೂ ಅವನ ನಾಡಿನ ಜನ ಅವನ ಸಾವನ್ನು ಒಪ್ಪಿಕೊಂಡಿಲ್ಲ. ಒಬ್ಬ ಹಾಡುಗಾರನ ಮೇಲೆ ಅಷ್ಟು ಮಂದಿಗೆ ಅಷ್ಟು ಮಮತೆ ಹೇಗೆ ಬಂತೆಂಬುದನ್ನು ತಿಳಿಯುವ ಆಸೆಯಿಂದ ಈ ಲೇಖನವನ್ನು ಬರೆಯಲು ಹೊರಟಿದ್ದೇನೆ.

ಇವನ ಹೆಸರು ನನ್ನ ಕಿವಿಗೆ ಬಿದ್ದದ್ದು ಚರಿತ್ರೆಯ ತರಗತಿಯಲ್ಲಿ. ಸೋವಿಯತ್ ಒಕ್ಕೂಟವು 1991ರಲ್ಲಿ ಒಡೆದುಹೋದ ಸಂಗತಿಯನ್ನು ವಿವರಿಸುತ್ತಿದ್ದ ಅಧ್ಯಾಪಕರು ಗೊರ್ಬಚೇವ್, ಪೆರೆಸ್ತ್ರೋಯಿಕಾ, ಅಂಗಡಿಗಳ ಮುಂದಿನ ಸಾಲು, ಇವುಗಳ ನಡುವೆ ಈ ಹಾಡುಗಾರನ ಹೆಸರನ್ನೂ ಒಂದು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋದರು. ಪರೀಕ್ಷೆಗೆ ಬರುವ ವಿಷಯವಲ್ಲವಾದ್ದರಿಂದ ಯಾರೂ ಬರೆದುಕೊಳ್ಳಲಿಲ್ಲ. ಅನಂತರ ಹಾಸ್ಟೆಲಿನಲ್ಲಿ ಮೊಬೈಲು ಹಿಡಿದು ಅವನ ಹಾಡುಗಳನ್ನು ಹುಡುಕಿ ಕೇಳಿದೆ. ರಷ್ಯನ್ ಭಾಷೆಯ ಒಂದಕ್ಷರವೂ ನನಗೆ ಬಾರದು. ಅರ್ಥವನ್ನೆಲ್ಲ ಇಂಗ್ಲಿಷ್ ಅನುವಾದಗಳಿಂದಲೇ ತಿಳಿದುಕೊಂಡಿದ್ದೇನೆ. ಧ್ವನಿ ಮಾತ್ರ ಅನುವಾದವಿಲ್ಲದೆಯೇ ತಲುಪಿತು. ಅದು ಗಂಭೀರವಾದ, ತಗ್ಗಿನ ಕಂಠ. ಅದರಲ್ಲಿ ಆಲಾಪವಿಲ್ಲ, ಗಮಕವಿಲ್ಲ, ಬೇಡಿಕೊಳ್ಳುವ ದನಿಯೂ ಇಲ್ಲ. ಪಕ್ಕದಲ್ಲಿ ಕುಳಿತವನೊಬ್ಬ ತನ್ನ ಪಾಡಿಗೆ ತಾನು ಹೇಳಿಕೊಳ್ಳುತ್ತಿರುವಂತೆ ತೋರುತ್ತದೆ.

ವಿಕ್ಟರ್ ತ್ಸೋಯ್ ಹುಟ್ಟಿದ್ದು 1962ನೆಯ ಇಸವಿ ಜೂನ್ 21ರಂದು, ಲೆನಿನ್‌ಗ್ರಾಡ್ ನಗರದಲ್ಲಿ. ಈ ನಗರಕ್ಕೆ 1991ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಎಂಬ ಹಳೆಯ ಹೆಸರು ಮರಳಿ ಬಂದಿದೆ. ತಾಯಿ ವಲೆಂತೀನಾ ರಷ್ಯನ್ ಹೆಂಗಸು, ಶಾಲೆಯಲ್ಲಿ ವ್ಯಾಯಾಮದ ಅಧ್ಯಾಪಕಿ. ತಂದೆ ರಾಬರ್ಟ್ ಇಂಜಿನಿಯರು, ಕೊರಿಯದ ಮೂಲದವರು. ಲೆನಿನ್‌ಗ್ರಾಡಿಗೂ ಕೊರಿಯಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ವಾಚಕರು ಕೇಳಬಹುದು. ಇದರ ಹಿಂದೆ ಒಂದು ದುಃಖದ ಕಥೆಯಿದೆ. ರಷ್ಯದ ಪೂರ್ವದ ಅಂಚಿನಲ್ಲಿ ಬಹುಕಾಲದಿಂದ ಬೇಸಾಯ ಮಾಡಿಕೊಂಡಿದ್ದ ಕೊರಿಯನ್ನರು ಜಪಾನಿಗೆ ಗೂಢಚಾರರಾದಾರೆಂದು ಶಂಕಿಸಿ, 1937ರಲ್ಲಿ ಸ್ಟಾಲಿನನ ಸರ್ಕಾರವು ಸುಮಾರು 1,70,000 ಮಂದಿಯನ್ನು ರೈಲುಗಳಲ್ಲಿ ತುಂಬಿ ಸಾವಿರಾರು ಮೈಲಿ ಆಚೆಯ ಕಜಾಕಸ್ತಾನ್, ಉಜ್ಬೆಕಿಸ್ತಾನ್‌ಗಳ ಬಯಲುಗಳಿಗೆ ಸಾಗಿಸಿಬಿಟ್ಟಿತು. ಹಾಗೆ ಬೇರು ಕಿತ್ತು ಎಸೆಯಲ್ಪಟ್ಟ ಜನರ ಕುಲದಲ್ಲಿ, ಕಜಾಕಸ್ತಾನದ ಕ್ಜಿಲ್‌ಓರ್ದಾ ಊರಿನಲ್ಲಿ ಹುಟ್ಟಿದವರು ವಿಕ್ಟರನ ತಂದೆ. ರಷ್ಯನ್ನರ ನಡುವೆ ಕೊರಿಯನ್ ಮುಖವನ್ನು ಹೊತ್ತು ಬೆಳೆದ ಈ ಹುಡುಗನು ಮುಂದೆ ಆ ಇಡೀ ದೇಶದ ಯುವಕರಿಗೆ ತಮ್ಮವನಾದನು. ಅವನ ಹಾಡುಗಳಲ್ಲಿ ಕುಲದ ಮಾತು ಬರುವುದಿಲ್ಲ. ಅವನನ್ನು ಪ್ರೀತಿಸಿದವರೂ ಅದನ್ನು ಎಣಿಸಲಿಲ್ಲ.

ಓದಿನಲ್ಲಿ ಅವನು ಜಾಣನೆನಿಸಲಿಲ್ಲ. ಚಿತ್ರ ಬರೆಯುವುದರಲ್ಲಿ ಕೈ ಚೆನ್ನಾಗಿತ್ತು. ಮಕ್ಕಳ ಚಿತ್ರಕಲಾ ಶಾಲೆಯಲ್ಲಿ ಕಲಿತು, ಬಳಿಕ 1977ರಲ್ಲಿ ಸೆರೋವ್ ಕಲಾಶಾಲೆಗೆ ಸೇರಿದನು. ಆದರೆ ಅಷ್ಟರಲ್ಲಿ ಗಿಟಾರಿನ ಗೀಳು ಹತ್ತಿತ್ತು. ಗೆಳೆಯರೊಡನೆ ಒಂದು ವಾದ್ಯಗೋಷ್ಠಿ ಕಟ್ಟಿದ್ದನು. ಅದಕ್ಕೆ ಚೆಕೋವನ ಪ್ರಸಿದ್ಧ ಕಥೆಯೊಂದರ ಹೆಸರಿನಂತೆ ‘ಆರನೆಯ ನಂಬರಿನ ವಾರ್ಡು’ ಎಂದು ಹೆಸರಿಟ್ಟಿದ್ದರು. ಪಾಠದಲ್ಲಿ ಹಿಂದುಳಿದನೆಂದು ಎರಡು ವರ್ಷಕ್ಕೆ ಕಲಾಶಾಲೆಯವರು ಹೊರಗೆ ಹಾಕಿದರು. ಅನಂತರ ಕಸುಬು ಕಲಿಸುವ ಶಾಲೆಯೊಂದಕ್ಕೆ ಸೇರಿ ಮರದ ಕೆತ್ತನೆಯನ್ನು ಕಲಿತನು. ಆ ಕೈಗೆಲಸ ಅವನಿಗೆ ಕೊನೆಯವರೆಗೂ ಪ್ರಿಯವಾಗಿಯೇ ಇತ್ತು.

ಇಲ್ಲಿ ಆ ಕಾಲದ ಸಂಗೀತದ ಸ್ಥಿತಿಯನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗದು. ಸೋವಿಯತ್ ದೇಶದಲ್ಲಿ ಗ್ರಾಮಾಫೋನ್ ತಟ್ಟೆಗಳನ್ನು ಹೊರಡಿಸುತ್ತಿದ್ದದ್ದು ಒಂದೇ ಸಂಸ್ಥೆ, ಸರ್ಕಾರದ ‘ಮೆಲೋದಿಯಾ’. ಅದು ಯಾರನ್ನು ಒಪ್ಪುವುದೋ ಅವರ ಹಾಡು ಮಾತ್ರ ಅಂಗಡಿಗೆ ಬರುತ್ತಿತ್ತು. ರಾಕ್ ಸಂಗೀತವೆಂದರೆ ಅಮೆರಿಕ, ಇಂಗ್ಲೆಂಡುಗಳ ಕೆಟ್ಟ ಗಾಳಿಯೆಂಬ ಭಾವನೆ ಅಧಿಕಾರಿಗಳಲ್ಲಿ ಬಲವಾಗಿತ್ತು. ಜನ ಸುಮ್ಮನಿರಲಿಲ್ಲ. ನಲವತ್ತರ ದಶಕದ ಕೊನೆಯಿಂದಲೂ ಲೆನಿನ್‌ಗ್ರಾಡಿನ ಕೆಲವು ಸಾಹಸಿಗಳು, ಆಸ್ಪತ್ರೆಯವರು ಬಿಸಾಡಿದ ಎಕ್ಸ್‌ರೇ ಹಾಳೆಗಳನ್ನು ತಂದು, ದುಂಡಗೆ ಕತ್ತರಿಸಿ, ಅವುಗಳ ಮೇಲೆ ನಿಷಿದ್ಧವಾದ ಹಾಡುಗಳನ್ನು ಕೊರೆದು ಗುಟ್ಟಾಗಿ ಮಾರುತ್ತಿದ್ದರು. ಯಾರದೋ ಪಕ್ಕೆಲುಬಿನ ಮೇಲೆ ಸೂಜಿ ತಿರುಗುತ್ತ ಹಾಡುತ್ತಿತ್ತು! ಮುಂದೆ ಟೇಪ್ ರೆಕಾರ್ಡರು ಮನೆಮನೆಗೆ ಬಂದ ಮೇಲೆ ಈ ಕೆಲಸ ಸುಲಭವಾಯಿತು. ಒಬ್ಬನ ಮನೆಯಲ್ಲಿ ಒಂದು ಟೇಪು ಇದ್ದರೆ ಗೆಳೆಯನು ತನ್ನ ಯಂತ್ರವನ್ನು ಹೊತ್ತು ತಂದು ತಂತಿ ಜೋಡಿಸಿ ನಕಲು ಮಾಡಿಕೊಳ್ಳುವನು. ಅವನಿಂದ ಮತ್ತೊಬ್ಬ, ಮತ್ತೊಬ್ಬನಿಂದ ಇನ್ನೂ ಇಬ್ಬರು. ಒಂದೊಂದು ನಕಲಿಗೂ ಧ್ವನಿ ಮಂಕಾಗುತ್ತ, ಸದ್ದು ಹೆಚ್ಚುತ್ತ ಹೋಗುವುದು. ಜಾಹೀರಾತಿಲ್ಲದೆ, ಅಂಗಡಿಯಿಲ್ಲದೆ, ಹಾಡು ಹೀಗೆ ಊರಿಂದೂರಿಗೆ ನಡೆದುಹೋಗುತ್ತಿತ್ತು. ನನಗನ್ನಿಸುವುದು ಇದು: ಅಂಗಡಿಯಲ್ಲಿ ಕೊಂಡ ಹಾಡಿಗಿಂತ, ರಾತ್ರಿಯೆಲ್ಲ ಕುಳಿತು ತಾನೇ ನಕಲು ಮಾಡಿಕೊಂಡ ಹಾಡಿನ ಮೇಲೆ ಕೇಳುವವನಿಗೆ ಹೆಚ್ಚಿನ ಹಕ್ಕು ಬರುತ್ತದೆ. ತ್ಸೋಯ್‌ನನ್ನು ಜನ ತಮ್ಮವನೆಂದು ತಿಳಿದದ್ದಕ್ಕೆ ಇದು ಮೊದಲನೆಯ ಕಾರಣ.

1981ರ ಮಾರ್ಚಿಯಲ್ಲಿ ಲೆನಿನ್‌ಗ್ರಾಡಿನ ರುಬಿನ್‌ಸ್ಟೈನ್ ಬೀದಿಯ 13ನೆಯ ಮನೆಯಲ್ಲಿ ‘ರಾಕ್ ಕ್ಲಬ್’ ಎಂಬುದು ಪ್ರಾರಂಭವಾಯಿತು. ಹುಡುಗರು ಕಂಡಕಂಡ ನೆಲಮಾಳಿಗೆಗಳಲ್ಲಿ ಹಾಡುವುದಕ್ಕಿಂತ ಕಣ್ಣಿಗೆ ಕಾಣುವ ಒಂದು ಕಡೆ ಹಾಡುವುದು ಮೇಲೆಂದು ಸರ್ಕಾರದವರು ಇದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಹಾಡಿನ ಸಾಹಿತ್ಯವನ್ನು ಮುಂಚಿತವಾಗಿ ತೋರಿಸಿ ಮುದ್ರೆ ಹಾಕಿಸಿಕೊಂಡು ಬಂದು ಹಾಡಬೇಕು; ಕೇಳುವವರು ಕುರ್ಚಿಯಿಂದ ಏಳಕೂಡದು. ಆದರೂ ಇದೊಂದು ಬಾಗಿಲು. ಅದೇ ವರ್ಷ ತ್ಸೋಯ್, ಅಲೆಕ್ಸೇಯ್ ರೀಬಿನ್, ಒಲೆಗ್ ವಲೀನ್‌ಸ್ಕಿ ಎಂಬ ಮೂವರು ಗೆಳೆಯರು ಕ್ರೈಮಿಯದ ಕಡಲ ತೀರಕ್ಕೆ ರಜೆಗೆ ಹೋಗಿದ್ದಾಗ ಒಂದು ತಂಡ ಕಟ್ಟುವ ನಿಶ್ಚಯ ಮಾಡಿದರು. ವಲೀನ್‌ಸ್ಕಿಗೆ ಸೈನ್ಯದಿಂದ ಕರೆ ಬಂತು. ಉಳಿದಿಬ್ಬರು ತಂಡಕ್ಕೆ ‘ಕಿನೋ’ ಎಂದು ಹೆಸರಿಟ್ಟರು. ಕಿನೋ ಎಂದರೆ ಸಿನಿಮಾ.

ಆಗಲೇ ಹೆಸರಾಗಿದ್ದ ‘ಅಕ್ವೇರಿಯಂ’ ತಂಡದ ಬೊರೀಸ್ ಗ್ರೆಬೆನ್‌ಶಿಕೋವ್ ಈ ಹುಡುಗನಲ್ಲಿ ಏನೋ ಇದೆಯೆಂದು ಕಂಡುಕೊಂಡು ಬೆಂಬಲಕ್ಕೆ ನಿಂತನು. ಅಂದ್ರೇಯ್ ತ್ರೊಪಿಲ್ಲೊ ಎಂಬಾತನು ಶಾಲಾ ಮಕ್ಕಳಿಗೆ ಧ್ವನಿಮುದ್ರಣ ಕಲಿಸುವ ಒಂದು ಮಂಡಲಿಯನ್ನು ನಡೆಸುತ್ತಿದ್ದನು. ಹಗಲಲ್ಲಿ ಮಕ್ಕಳು, ಬಿಡುವಾದಾಗ ಈ ಸಂಗೀತಗಾರರು! 1982ರಲ್ಲಿ ಅಲ್ಲಿಯೇ ಕಿನೋ ತಂಡದ ಮೊದಲ ಸಂಗ್ರಹ ಸಿದ್ಧವಾಯಿತು. ಡ್ರಮ್ಮು ಬಾರಿಸುವವರಿಲ್ಲದೆ ಯಂತ್ರದಿಂದಲೇ ತಾಳ ಹಾಕಿಸಿದರು. ಹಾಡುಗಳೆಲ್ಲ ಸೇರಿ ಸುಮಾರು 45 ನಿಮಿಷವಾದ್ದರಿಂದ ಅದರ ಹೆಸರೂ ‘45’ ಎಂದೇ ಆಯಿತು. ಇಂದು ಅದನ್ನು ಕೇಳಿದರೆ ಹುಡುಗಾಟವೆನಿಸುತ್ತದೆ. ಖಾಲಿ ಜೇಬು, ವಿದ್ಯುತ್ ರೈಲು, ಸೌತೆಕಾಯಿ, ಕೆಲಸವಿಲ್ಲದೆ ಬೀದಿ ಸುತ್ತುವವನು, ಇವೇ ಅದರ ವಸ್ತುಗಳು. ಆದರೆ ವೀರರನ್ನೂ ಕಾರ್ಖಾನೆಗಳನ್ನೂ ಹಾಡಿ ಹೊಗಳುವುದನ್ನೇ ರೇಡಿಯೋದಲ್ಲಿ ಕೇಳಿ ಬೇಸತ್ತಿದ್ದ ಯುವಕನಿಗೆ, ತನ್ನ ಬೀದಿಯ ರೈಲಿನ ಮೇಲೆ ಯಾರೋ ಹಾಡು ಕಟ್ಟಿದ್ದಾರೆಂಬುದೇ ದೊಡ್ಡ ವಿಷಯವಾಗಿದ್ದಿರಬೇಕು.

ಮುಂದಿನ ನಾಲ್ಕು ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. ರೀಬಿನ್ ತಂಡವನ್ನು ಬಿಟ್ಟನು. ಯೂರಿ ಕಸ್ಪರ್‌ಯಾನ್ ಗಿಟಾರಿಗೆ ಬಂದನು. ಬಳಿಕ ಗುರ್‌ಯಾನೋವ್, ತಿಖೊಮೀರೊವ್ ಸೇರಿ ತಂಡ ಸ್ಥಿರವಾಯಿತು. ಸೈನ್ಯದ ಕರೆಯನ್ನು ತಪ್ಪಿಸಿಕೊಳ್ಳಲು 1983ರಲ್ಲಿ ಸುಮಾರು ಒಂದೂವರೆ ತಿಂಗಳು ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿದ್ದನು. ಇದು ಹೊಗಳತಕ್ಕ ಸಂಗತಿಯಲ್ಲವಾದರೂ, ಆಗ ಅಫ್ಘಾನಿಸ್ತಾನದಲ್ಲಿ ಯುದ್ಧ ನಡೆಯುತ್ತಿತ್ತೆಂಬುದನ್ನು ನೆನಪಿನಲ್ಲಿಡಬೇಕು. 1984ರಲ್ಲಿ ಮರಿಯಾನಾ ಎಂಬಾಕೆಯನ್ನು ಮದುವೆಯಾದನು. ಮರುವರ್ಷ ಅಲೆಕ್ಸಾಂಡರ್ ಎಂಬ ಮಗ ಹುಟ್ಟಿದನು. ಮದುವೆ ಬಹುಕಾಲ ನೆಮ್ಮದಿಯಾಗಿ ನಡೆಯಲಿಲ್ಲ. 1986ರಲ್ಲಿ ಜೊಆನಾ ಸ್ಟಿಂಗ್ರೇ ಎಂಬ ಅಮೆರಿಕದ ತರುಣಿ ಲೆನಿನ್‌ಗ್ರಾಡಿನ ನಾಲ್ಕು ತಂಡಗಳ ಹಾಡುಗಳನ್ನು ಗುಟ್ಟಾಗಿ ಸಾಗಿಸಿಕೊಂಡು ಹೋಗಿ ತನ್ನ ದೇಶದಲ್ಲಿ ಎರಡು ತಟ್ಟೆಗಳಾಗಿ ಹೊರಡಿಸಿದಳು. ತನ್ನ ನಾಡಿನಲ್ಲಿ ಒಂದು ತಟ್ಟೆಯೂ ಬರುವುದಕ್ಕೆ ಮೊದಲೇ ತ್ಸೋಯ್ ಅಮೆರಿಕದಲ್ಲಿ ಅಚ್ಚಾಗಿದ್ದನು!

ಈಗ ಆ ಬಾಯ್ಲರಿನ ಮನೆಗೆ ಬರೋಣ. ಸೋವಿಯತ್ ಕಾನೂನಿನಲ್ಲಿ ದುಡಿಯದೆ ತಿನ್ನುವುದು ಅಪರಾಧ. ಸರ್ಕಾರ ಒಪ್ಪಿದ ಕೆಲಸವೊಂದು ಇರಲೇಬೇಕು. ಇಲ್ಲವಾದರೆ ಸಮಾಜಕ್ಕೆ ಬದನಿಕೆಯಂತೆ ಅಂಟಿಕೊಂಡವನೆಂದು ವಿಚಾರಣೆ ನಡೆಯುತ್ತಿತ್ತು. ಅದೇ ಲೆನಿನ್‌ಗ್ರಾಡಿನ ಕವಿ ಜೋಸೆಫ್ ಬ್ರಾಡ್‌ಸ್ಕಿಗೆ 1964ರಲ್ಲಿ ಇದೇ ಆರೋಪದ ಮೇಲೆ ಐದು ವರ್ಷದ ಗಡೀಪಾರು ಶಿಕ್ಷೆಯಾಗಿತ್ತು. ಮುಂದೆ ಅವನಿಗೆ 1987ರಲ್ಲಿ ನೊಬೆಲ್ ಬಹುಮಾನ ಬಂತು. ಕವಿತೆ ಕಟ್ಟುವುದು, ಹಾಡು ಹಾಡುವುದು ಕೆಲಸದ ಲೆಕ್ಕಕ್ಕೆ ಸೇರಬೇಕಾದರೆ ಸರ್ಕಾರದ ಸಂಘದ ಸದಸ್ಯತ್ವ ಬೇಕು. ಅದಿಲ್ಲದವರು ಏನು ಮಾಡಬೇಕು? ರಾತ್ರಿ ಕಾವಲುಗಾರ, ಬೀದಿ ಗುಡಿಸುವವನು, ಬಾಯ್ಲರಿಗೆ ಉರಿ ಹಾಕುವವನು, ಇಂಥ ಯಾರಿಗೂ ಬೇಡವಾದ ಕೆಲಸಗಳಿಗೆ ಲೆನಿನ್‌ಗ್ರಾಡಿನ ಕವಿಗಳೂ ಚಿತ್ರಕಾರರೂ ಹಾಡುಗಾರರೂ ಹೋಗಿ ಸೇರಿಕೊಂಡರು. ಒಂದು ಹಗಲು ಒಂದು ರಾತ್ರಿ ದುಡಿದರೆ ಮುಂದೆ ಕೆಲವು ದಿನ ಬಿಡುವು. ಸಂಬಳ ಸ್ವಲ್ಪ, ಯಾರ ಹಂಗೂ ಇಲ್ಲ.

1986ರ ಶರತ್ಕಾಲದಲ್ಲಿ ತ್ಸೋಯ್ ಬ್ಲೋಖಿನ್ ಬೀದಿಯ 15ನೆಯ ಮನೆಯಲ್ಲಿದ್ದ ಬಾಯ್ಲರಿನ ಕೋಣೆಗೆ ಕೆಲಸಕ್ಕೆ ಸೇರಿದನು. ಸುತ್ತಲಿನ ಕಟ್ಟಡಗಳಿಗೆ ಚಳಿಗಾಲದಲ್ಲಿ ಬಿಸಿನೀರು ಹರಿಯಬೇಕಾದರೆ ಇಲ್ಲಿ ಕಲ್ಲಿದ್ದಲು ಉರಿಯುತ್ತಿರಬೇಕು. ಇದಕ್ಕೆ ಗೆಳೆಯರ ಬಾಯಲ್ಲಿ ‘ಕಮ್‌ಚಾತ್ಕಾ’ ಎಂದು ಹೆಸರು. ಕಮ್‌ಚಾತ್ಕಾ ಎಂಬುದು ರಷ್ಯದ ಪೂರ್ವದ ತುತ್ತತುದಿಯ ಪರ್ಯಾಯದ್ವೀಪ. ಆದ್ದರಿಂದಲೇ ಅಲ್ಲಿಯ ಶಾಲೆಯ ಹುಡುಗರ ಮಾತಿನಲ್ಲಿ ತರಗತಿಯ ಕಟ್ಟಕಡೆಯ ಬೆಂಚಿಗೂ ಅದೇ ಹೆಸರು. ನಮ್ಮ ಕಾಲೇಜಿನಲ್ಲಿ ಈ ಪರ್ಯಾಯದ್ವೀಪದ ನಿವಾಸಿಗಳಿಗೆ ಬರವಿಲ್ಲವೆಂಬುದನ್ನು ಅಧ್ಯಾಪಕ ವರ್ಗದವರು ಬಲ್ಲರು. ವಿಚಿತ್ರವೆಂದರೆ, ಇಲ್ಲಿಗೆ ಬರುವುದಕ್ಕೆ ಎರಡು ವರ್ಷ ಮೊದಲೇ ಅವನು ‘ಕಮ್‌ಚಾತ್ಕಾದ ಯಜಮಾನ’ ಎಂಬ ಹೆಸರಿನ ಸಂಗ್ರಹವನ್ನು ಹೊರತಂದಿದ್ದನು. ಅಲೆಕ್ಸೇಯ್ ಉಚೀತೆಲ್ ತೆಗೆದ ‘ರಾಕ್’ ಎಂಬ ಸಾಕ್ಷ್ಯಚಿತ್ರದಲ್ಲಿ ಅವನು ಕಲ್ಲಿದ್ದಲನ್ನು ಸಲಿಕೆಯಲ್ಲಿ ಎತ್ತಿ ಒಲೆಯ ಬಾಯಿಗೆ ಎಸೆಯುವ ದೃಶ್ಯವಿದೆ. ನಾನು ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಅದಕ್ಕೆ ಕಾರಣವನ್ನು ಹೇಳಿಬಿಡುತ್ತೇನೆ. ನಮ್ಮ ತಂದೆಯವರು ಆಲೆಮನೆಯಲ್ಲಿ ಉರಿ ಹಾಕುವವರು. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಷ್ಟು ಹೊತ್ತೂ ಒಲೆಯ ಬಾಯಿಗೆ ಕಬ್ಬಿನ ಒಣಗಿದ ಸಿಪ್ಪೆಯನ್ನು ಎಡೆಬಿಡದೆ ತಳ್ಳುತ್ತಿರಬೇಕು. ಉರಿ ಹೆಚ್ಚಿದರೆ ಬೆಲ್ಲ ಸೀಯುತ್ತದೆ, ತಗ್ಗಿದರೆ ಪಾಕ ಕೂಡುವುದಿಲ್ಲ. ಅವರ ಮುಂಗೈಯ ಮೇಲೆ ಕೂದಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಒಲೆಯ ಹತ್ತಿರ ನಾನು ಸುಳಿಯಬಾರದೆಂಬುದೇ ನನ್ನ ಓದಿನ ಉದ್ದೇಶವೆಂದು ನಮ್ಮ ತಾಯಿ ತಿಳಿದಿದ್ದಾರೆ. ಹೀಗಿರುವಾಗ ಹಾಡುವ ಸ್ವಾತಂತ್ರ್ಯಕ್ಕಾಗಿ ಒಬ್ಬನು ತಾನಾಗಿ ಒಲೆಯ ಮುಂದೆ ಹೋಗಿ ನಿಂತನೆಂದರೆ ನನಗೆ ಆಶ್ಚರ್ಯವೂ ಆಗುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ತ್ಸೋಯ್ ಆ ಕೆಲಸವನ್ನು ಆರಿಸಿಕೊಂಡನು. ಬೇಡವೆನಿಸಿದಾಗ, 1988ರಲ್ಲಿ, ಬಿಟ್ಟುಹೋದನು. ನಮ್ಮ ತಂದೆಯವರಿಗೆ ಆರಿಸಿಕೊಳ್ಳಲು ಏನೂ ಇರಲಿಲ್ಲ. ಅವನ ಅಭಿಮಾನಿಗಳು ಆ ಬಾಯ್ಲರಿನ ಕೋಣೆಯನ್ನು ತಪೋವನವೆಂಬಂತೆ ವರ್ಣಿಸುವಾಗ ಈ ಭೇದವನ್ನು ಮರೆಯುತ್ತಾರೆ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಹೆಸರು ಬಂದ ಮೇಲೂ ಅವನು ಸಲಿಕೆ ಹಿಡಿದ ಕೈಯನ್ನು ಮರೆಮಾಚಲಿಲ್ಲ. ಕ್ಯಾಮೆರಾದ ಮುಂದೆಯೂ ಅದೇ ಕೆಲಸವನ್ನು ಅದೇ ನಿಧಾನದಿಂದ ಮಾಡಿದನು. ಆ ದೇಶದ ಲಕ್ಷಾಂತರ ಕಾರ್ಮಿಕರ ಮಕ್ಕಳು ಅದನ್ನು ನೋಡಿದರು.

ಕೀರ್ತಿ ಬಂದದ್ದು ಒಮ್ಮೆಗೇ. ಗೊರ್ಬಚೇವರ ಕಾಲದಲ್ಲಿ ಕಟ್ಟುಗಳು ಸಡಿಲವಾಗಿದ್ದವು. ಸೆರ್ಗೇಯ್ ಸೊಲೊವ್ಯೋವ್ ನಿರ್ದೇಶಿಸಿದ ‘ಅಸ್ಸಾ’ ಎಂಬ 1987ರ ಚಿತ್ರದ ಕೊನೆಯಲ್ಲಿ ತ್ಸೋಯ್ ಬಂದು ಬದಲಾವಣೆಯನ್ನು ಬಯಸುವ ತನ್ನ ಹಾಡನ್ನು ಹಾಡುತ್ತಾನೆ. ಮೊದಲು ಒಂದು ಸಣ್ಣ ಹೋಟೆಲಿನ ಕೋಣೆಯಂತೆ ಕಾಣುವುದು ಬರಬರುತ್ತ ಸಾವಿರಾರು ಜನರ ಬಯಲಾಗುತ್ತದೆ. ಆ ಹಾಡಿನಲ್ಲಿ ಯಾವ ನಾಯಕನ ಹೆಸರೂ ಇಲ್ಲ, ಪಕ್ಷದ ಮಾತೂ ಇಲ್ಲ. ಅಡಿಗೆ ಮನೆಯ ನೀಲಿ ಉರಿ, ಚಹಾ, ಸಿಗರೇಟು, ಇಷ್ಟೇ. ಆದರೂ ಕೇಳಿದವರೆಲ್ಲ ಅದನ್ನು ದೇಶದ ಹಾಡೆಂದೇ ತಿಳಿದರು. 1988ರಲ್ಲಿ ‘ರಕ್ತದ ಗುಂಪು’ ಎಂಬ ಸಂಗ್ರಹ ಬಂತು. ಯುದ್ಧಕ್ಕೆ ಹೊರಟವನ ತೋಳಿನ ಮೇಲೆ ಬರೆದಿರುವ ರಕ್ತದ ಗುಂಪು, ಸಂಖ್ಯೆ, ಇವನ್ನು ಕುರಿತ ಅದರ ಮೊದಲ ಹಾಡು ಅಫ್ಘಾನಿಸ್ತಾನದಿಂದ ಮಕ್ಕಳು ಹಿಂದಿರುಗದ ಮನೆಗಳಲ್ಲಿ ಹೇಗೆ ಕೇಳಿಸಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಅದೇ ವರ್ಷ ರಶೀದ್ ನುಗ್‌ಮಾನೊವ್ ಎಂಬ ಕಜಾಕ್ ನಿರ್ದೇಶಕನ ‘ಸೂಜಿ’ ಎಂಬ ಚಿತ್ರದಲ್ಲಿ ತ್ಸೋಯ್ ಕಥಾನಾಯಕನಾದನು. ಇದನ್ನು ತೆಗೆದದ್ದು ಅಲ್ಮಾ-ಅತಾ ನಗರದಲ್ಲಿ, ಅವನ ತಂದೆಯ ಕಡೆಯವರನ್ನು ತಂದು ಸುರಿದಿದ್ದ ಅದೇ ಕಜಾಕಸ್ತಾನದಲ್ಲಿ. ಮಾದಕವಸ್ತು ಮಾರುವವರ ಕೈಯಿಂದ ತನ್ನ ಹಿಂದಿನ ಗೆಳತಿಯನ್ನು ಬಿಡಿಸಲು ಹೋಗುವ ಯುವಕನ ಪಾತ್ರ. ಕೊನೆಯ ದೃಶ್ಯವನ್ನು ಹೇಳಲೇಬೇಕು. ಹಿಮ ಬಿದ್ದ ಮರಗಳ ಸಾಲುದಾರಿ, ರಾತ್ರಿ. ಒಬ್ಬನು ಎದುರಿಗೆ ಬಂದು ಸಿಗರೇಟಿಗೆ ಬೆಂಕಿ ಕೇಳುತ್ತಾನೆ. ಇವನು ಲೈಟರು ಹಚ್ಚಿ ಕೊಡುವಾಗ ಹೊಟ್ಟೆಗೆ ಇರಿಯುತ್ತಾನೆ. ನಾಯಕನು ಮಂಡಿಯೂರಿ ಕುಸಿಯುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ಏಳುತ್ತಾನೆ. ಸಿಗರೇಟು ಹಚ್ಚಿಕೊಂಡು ಆ ಬಿಳಿಯ ದಾರಿಯಲ್ಲಿ ನಡೆದು ದೂರವಾಗುತ್ತಾನೆ. ಸತ್ತನೋ ಬದುಕಿದನೋ ಚಿತ್ರ ಹೇಳುವುದಿಲ್ಲ. ಸೋವಿಯತ್ ಸಿನಿಮಾ ಪತ್ರಿಕೆಯೊಂದರ ಓದುಗರು ಅವನನ್ನು 1989ರ ಅತ್ಯುತ್ತಮ ನಟನೆಂದು ಆರಿಸಿದರು. ನಟನೆ ಕಲಿತವನಲ್ಲ, ನಡೆಯುವುದು, ನಿಲ್ಲುವುದು, ಸುಮ್ಮನೆ ನೋಡುವುದು, ಇಷ್ಟನ್ನೇ ಮಾಡಿದ್ದನು.

1990ರ ಜೂನ್ 24ರಂದು ಮಾಸ್ಕೋ ನಗರದ ಲುಜ್‌ನಿಕಿ ಕ್ರೀಡಾಂಗಣದಲ್ಲಿ ಕಿನೋ ತಂಡ ಹಾಡಿತು. 60,000ಕ್ಕೂ ಹೆಚ್ಚು ಜನ ಸೇರಿದ್ದರು. 1980ರ ಒಲಿಂಪಿಕ್ ಕ್ರೀಡೆಗಳಿಗಾಗಿ ಕಟ್ಟಿದ್ದ ಜ್ಯೋತಿಯ ಬಟ್ಟಲನ್ನು ಆ ಸಂಜೆ ಮತ್ತೆ ಹೊತ್ತಿಸಿದರು. ಬಾಯ್ಲರಿನ ಒಲೆಯಿಂದ ಈ ಜ್ಯೋತಿಯವರೆಗೆ ಎರಡೇ ವರ್ಷ! ಅನಂತರ ಅವನು ವಿಶ್ರಾಂತಿಗೆಂದು ಲ್ಯಾಟ್ವಿಯದ ಕಡಲ ತೀರದ ಒಂದು ಹಳ್ಳಿಗೆ ಹೋದನು. ಕಸ್ಪರ್‌ಯಾನ್ ಅಲ್ಲಿಗೇ ಬಂದು, ಇಬ್ಬರೂ ಸೇರಿ ಹೊಸ ಹಾಡುಗಳನ್ನು ಕರಡಿನ ರೂಪದಲ್ಲಿ ಮುದ್ರಿಸಿಕೊಂಡರು.

ಆಗಸ್ಟ್ 15ರ ಬೆಳಿಗ್ಗೆ ತ್ಸೋಯ್ ಮೀನು ಹಿಡಿಯಲು ಹೋಗಿ, ತನ್ನ ಮಾಸ್ಕ್‌ವಿಚ್ ಕಾರಿನಲ್ಲಿ ಒಬ್ಬನೇ ಹಿಂದಿರುಗುತ್ತಿದ್ದನು. ಸ್ಲೋಕಾದಿಂದ ತಾಲ್ಸಿಗೆ ಹೋಗುವ ರಸ್ತೆಯ 35ನೆಯ ಕಿಲೋಮೀಟರಿನಲ್ಲಿ, ಮಧ್ಯಾಹ್ನ ಸುಮಾರು ಹನ್ನೆರಡೂವರೆ ಗಂಟೆಗೆ, ಕಾರು ಎದುರಿನ ಪಕ್ಕಕ್ಕೆ ಹೋಗಿ ಬರುತ್ತಿದ್ದ ಬಸ್ಸಿಗೆ ಬಡಿಯಿತು. ಪ್ರಾಣ ಅಲ್ಲೇ ಹೋಯಿತು. ಆಯಾಸದಿಂದ ನಿದ್ದೆ ಹತ್ತಿರಬೇಕೆಂದು ತನಿಖೆಯವರು ತೀರ್ಮಾನಿಸಿದರು. ಇದನ್ನು ಒಪ್ಪದೆ ಏನೇನೋ ಒಳಸಂಚುಗಳನ್ನು ಕಲ್ಪಿಸಿದವರುಂಟು. ಪ್ರೀತಿಸಿದವನು ನಿದ್ದೆಯಿಂದ ಸತ್ತನೆಂದರೆ ಮನಸ್ಸಿಗೆ ಸಾಲದೆ ಬರುತ್ತದೆ, ಕೊಲೆಗಾರನೊಬ್ಬ ಬೇಕಾಗುತ್ತಾನೆ. ನಾನಂತೂ ತನಿಖೆಯ ಮಾತನ್ನೇ ನಂಬುತ್ತೇನೆ.

ಆಗಸ್ಟ್ 19ರಂದು ಲೆನಿನ್‌ಗ್ರಾಡಿನ ಬೊಗೊಸ್ಲೊವ್‌ಸ್ಕೊಯೆ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು. ಸಾವಿರಾರು ಹುಡುಗ ಹುಡುಗಿಯರು ಬಂದಿದ್ದರು. ಮಣ್ಣು ಮುಚ್ಚಿದ ಮೇಲೆ ಮನೆಗೆ ಹೋಗಬೇಕಲ್ಲವೆ? ಹೋಗಲಿಲ್ಲ. ಸಮಾಧಿಯ ಬಳಿ ಡೇರೆ ಹಾಕಿಕೊಂಡು, ಗಿಟಾರು ಬಾರಿಸುತ್ತ, ಅವನ ಹಾಡುಗಳನ್ನು ಒಂದಾದ ಮೇಲೊಂದರಂತೆ ಹಾಡುತ್ತ ಬಹುಕಾಲ ಅಲ್ಲೇ ಉಳಿದರು. ಸರಿಯಾಗಿ ಒಂದು ವರ್ಷಕ್ಕೆ, 1991ರ ಆಗಸ್ಟ್ 19ರಂದು, ಮಾಸ್ಕೋದ ಬೀದಿಗಳಿಗೆ ಟ್ಯಾಂಕುಗಳು ಬಂದವು. ಆ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅಳಲು ನಿಂತಿದ್ದವರ ಕಾಲ ಕೆಳಗಿನ ದೇಶವೇ ಮಾಯವಾದಾಗ, ತಮ್ಮ ಹರೆಯದಿಂದ ಉಳಿದದ್ದು ಈ ಹಾಡುಗಳು ಮಾತ್ರವೆಂದು ಅವರಿಗೆ ಅನ್ನಿಸಿದ್ದರೆ ಅದು ಸಹಜವೇ.

ಲ್ಯಾಟ್ವಿಯದಲ್ಲಿ ಮುದ್ರಿಸಿಕೊಂಡಿದ್ದ ಕಂಠಕ್ಕೆ ಉಳಿದ ಮೂವರು ಗೆಳೆಯರು ವಾದ್ಯಗಳನ್ನು ಕೂಡಿಸಿ ಸಂಗ್ರಹವನ್ನು ಮುಗಿಸಿದರು. ಅದಕ್ಕೆ ಅವರು ಹೆಸರಿಡಲಿಲ್ಲ. ಹೊದಿಕೆ ಪೂರಾ ಕಪ್ಪು. ಜನ ಅದನ್ನು ‘ಕಪ್ಪು ಸಂಗ್ರಹ’ ಎಂದೇ ಕರೆದರು.

ಮಾಸ್ಕೋದಲ್ಲಿ ಅರ್ಬಾತ್ ಎಂಬ ಹಳೆಯ ಬೀದಿಯಿಂದ ಕ್ರಿವೊಅರ್ಬಾತ್‌ಸ್ಕಿ ಎಂಬ ಓಣಿ ಒಡೆಯುತ್ತದೆ. ಆ ಮೂಲೆಯ ಕಟ್ಟಡದ ಗೋಡೆಯ ಮೇಲೆ, ಸಾವಿನ ಸುದ್ದಿ ಬಂದ ದಿನ ಯಾರೋ ಒಬ್ಬರು ತ್ಸೋಯ್ ಇಂದು ತೀರಿಕೊಂಡನೆಂದು ಬರೆದರು. ಅದರ ಪಕ್ಕದಲ್ಲೇ ಮತ್ತೊಬ್ಬರು, ಇಲ್ಲ, ಬದುಕಿದ್ದಾನೆಂದು ಬರೆದರು. ಅಂದಿನಿಂದ ಆ ಗೋಡೆ ತುಂಬುತ್ತಲೇ ಬಂದಿದೆ. ಹಾಡಿನ ಸಾಲುಗಳು, ಊರಿನ ಹೆಸರುಗಳು, ಅವನ ಮುಖದ ಚಿತ್ರಗಳು ಒಂದರ ಮೇಲೊಂದು ಕುಳಿತಿವೆ. ಇದನ್ನು ಕಟ್ಟಿಸಿದ ಸಮಿತಿಯಿಲ್ಲ, ಉದ್ಘಾಟಿಸಿದ ಮಂತ್ರಿಯಿಲ್ಲ. ಟೇಪಿನಿಂದ ಟೇಪಿಗೆ ಹಾಡನ್ನು ನಕಲು ಮಾಡಿಕೊಂಡವರೇ ಕೈಯಿಂದ ಕೈಗೆ ಈ ನೆನಪನ್ನೂ ನಕಲು ಮಾಡಿದರು. 2006ರಲ್ಲಿ ಒಂದು ಗುಂಪು ಬಂದು ಗೋಡೆಗೆ ಬಣ್ಣ ಬಳಿದುಬಿಟ್ಟಿತು. ಅಭಿಮಾನಿಗಳು ಹೆಚ್ಚು ಮಾತಾಡಲಿಲ್ಲ. ಬಣ್ಣದ ಮೇಲೆಯೇ ಮತ್ತೆ ಬರೆಯತೊಡಗಿದರು.

ಅವನನ್ನು ತಮ್ಮವನೆನ್ನುವವರಲ್ಲಿ ಈಗ ಎಲ್ಲ ಬಗೆಯವರೂ ಇದ್ದಾರೆ. 2014ರಲ್ಲಿ ರಷ್ಯದ ಸಂಸತ್ತಿನ ಸದಸ್ಯನೊಬ್ಬನು ತ್ಸೋಯ್‌ನ ಹಾಡುಗಳನ್ನು ಬರೆದುಕೊಟ್ಟವರು ಅಮೆರಿಕದ ಗೂಢಚಾರರೆಂದು ಹೇಳಿ ನಗೆಗೀಡಾದನು. 2020ರ ಆಗಸ್ಟಿನಲ್ಲಿ ಬೆಲಾರುಸ್ ದೇಶದ ಮಿನ್ಸ್ಕ್ ನಗರದಲ್ಲಿ ಸರ್ಕಾರ ಏರ್ಪಡಿಸಿದ್ದ ಸಮಾರಂಭವೊಂದರಲ್ಲಿ, ಧ್ವನಿವರ್ಧಕದ ಕೆಲಸಕ್ಕೆ ಬಂದಿದ್ದ ಇಬ್ಬರು ಯುವಕರು ಇದ್ದಕ್ಕಿದ್ದಂತೆ ಬದಲಾವಣೆಯ ಆ ಹಾಡನ್ನು ಹಾಕಿ ಕೈಯೆತ್ತಿ ನಿಂತರು. ಅವರಿಗೆ ಹತ್ತು ದಿನ ಸೆರೆಯಾಯಿತು. ಹಾಡು ಮಾತ್ರ ಆ ಬೇಸಗೆಯ ಪ್ರತಿಭಟನೆಗಳಲ್ಲೆಲ್ಲ ಕೇಳಿಬಂತು. ಅಲ್ಮಾಟಿಯಲ್ಲಿ, ‘ಸೂಜಿ’ ಚಿತ್ರದ ಕೊನೆಯ ದೃಶ್ಯವನ್ನು ತೆಗೆದ ಬೀದಿಯಲ್ಲೇ, 2018ರಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಬ್ಲೋಖಿನ್ ಬೀದಿಯ ಬಾಯ್ಲರಿನ ಕೋಣೆ ಈಗ ಹಾಡುಗಾರರು ಸೇರುವ ಕ್ಲಬ್ಬೂ ಅವನ ಸ್ಮಾರಕವೂ ಆಗಿದೆ.

ಅರ್ಬಾತಿನ ಗೋಡೆಗೆ ಬರುವವರಲ್ಲಿ ಅವನು ಸತ್ತ ಮೇಲೆ ಹುಟ್ಟಿದವರೂ ಇದ್ದಾರೆ. ಅಲ್ಲಿಗೆ ಬಂದವರಲ್ಲಿ ಒಂದು ಪದ್ಧತಿ ಬೆಳೆದಿದೆ. ಹೂವಿನ ಜೊತೆಗೆ ಒಂದು ಸಿಗರೇಟನ್ನು ಹಚ್ಚಿ, ನಡುವೆ ಮುರಿದು, ಗೋಡೆಯ ಬುಡದಲ್ಲಿಡುತ್ತಾರೆ. 1989ರ ಸಂಗ್ರಹದಲ್ಲಿ ಸಿಗರೇಟಿನ ಪೊಟ್ಟಣದ ಮೇಲೆ ಅವನದೊಂದು ಹಾಡಿದೆ. ಮುರಿದಿಟ್ಟ ಸಿಗರೇಟು ಅಲ್ಲೇ ಉರಿದು ಮುಗಿಯುವವರೆಗೆ ಕೆಲವರು ನಿಂತಿದ್ದು, ಆಮೇಲೆ ಹೋಗುತ್ತಾರೆ.